ಹಳೆ ಡ್ರೆಸ್ ವಾಚಿನ ಹೊಸ ಅವತಾರ: ಕರಾವಳಿಯವರು ಆರಿಸುವ, ಉಳಿಸಿಕೊಳ್ಳುವ ಬಗೆ

ಐವತ್ತು-ಅರವತ್ತರ ದಶಕದ ಡ್ರೆಸ್ ವಾಚೊಂದನ್ನು, ಅಂದರೆ ಸಮಾರಂಭಕ್ಕೆ ಕಟ್ಟುವ ತೆಳ್ಳಗಿನ ಸರಳ ವಾಚನ್ನು, ಕಂಪನಿಯವರು ಮತ್ತೆ ತಯಾರಿಸಿ ಬಿಟ್ಟರೆ ಸಾಕು, ವಾಚಿನ ಹುಚ್ಚಿರುವವರ ನಡುವೆ ಏಳುವ ತಕರಾರು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಮೊದಲಿನದಕ್ಕಿಂತ ದೊಡ್ಡದಾಯಿತು, ದಪ್ಪವಾಯಿತು, ತಾರೀಖಿನ ಕಿಟಕಿ ಯಾರಿಗೆ ಬೇಕಿತ್ತು, ಇಷ್ಟು ದುಡ್ಡಿಗೆ ಇಂಥ ಮಷೀನಾ? ಗಲಾಟೆಯ ಸದ್ದು ಬಿಟ್ಟು ನೋಡಿದರೆ ಇವೆಲ್ಲ ಸ್ಕೇಲು ಹಿಡಿದು ಅಳೆಯಬಹುದಾದ ಸಂಗತಿಗಳು. ಕೊಳ್ಳುವವರಿಗೆ ಉಪಯೋಗಕ್ಕೆ ಬರುವುದು ಆ ಅಳತೆ ಮಾತ್ರ.

ಆದರೆ ಈ ತಕರಾರುಗಳು ಹುಟ್ಟುವುದು ಬಹುಪಾಲು ಒಣ ಹವೆಯ ಊರುಗಳಲ್ಲಿ. ಕಾರವಾರದಿಂದ ಭಟ್ಕಳದ ತನಕ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಉಳಿದ ದಿನಗಳಲ್ಲಿ ಉಪ್ಪುಗಾಳಿ ಇದ್ದೇ ಇದೆ. ಘಟ್ಟ ಹತ್ತಿ ಶಿರಸಿಗೆ ಹೋದರೆ ಉಪ್ಪು ತಪ್ಪುತ್ತದೆ, ಬೂಷ್ಟು ತಪ್ಪುವುದಿಲ್ಲ. ಆ ಚರ್ಚೆಗಳಲ್ಲಿ ಯಾರೂ ಬಾಯಿಬಿಡದ ವಾಶರು, ಚಿನ್ನದ ಲೇಪ, ಬೆಲ್ಟಿನ ಒಳಮೈ, ಇವೇ ನಮ್ಮಲ್ಲಿ ವಾಚನ್ನು ಉಳಿಸುವುದು ಅಥವಾ ಕೆಡಿಸುವುದು. ಹಾಗಾಗಿ ಮೊದಲು ಎಲ್ಲರ ತಕರಾರುಗಳನ್ನು ಅಳೆಯೋಣ, ಆಮೇಲೆ ನಮ್ಮ ಊರಿನ ತಕರಾರುಗಳಿಗೆ ಬರೋಣ.

ಸಣ್ಣ ಸೆಕೆಂಡಿನ ವೃತ್ತ ಎಲ್ಲಿದೆ ನೋಡಿ

ಡಯಲಿನಲ್ಲಿ 6ರ ಮೇಲೆ ಪುಟ್ಟ ಸೆಕೆಂಡಿನ ವೃತ್ತ ಇರುವ ವಾಚಾದರೆ ಮೊದಲು ನೋಡಬೇಕಾದ್ದು ಅದನ್ನೇ. ಆ ವೃತ್ತದ ಜಾಗ ನಿರ್ಧಾರವಾಗುವುದು ಡಯಲಿನಿಂದಲ್ಲ, ಕೆಳಗಿರುವ ಮಷೀನಿನಿಂದ. ಮಷೀನು ಚಿಕ್ಕದಿದ್ದು ಕೇಸನ್ನು ಮಾತ್ರ ದೊಡ್ಡದು ಮಾಡಿದರೆ ವೃತ್ತ ಅಂಚಿಗೆ ಹೋಗಲಾರದೆ ನಡುವಿಗೆ ಅಂಟಿಕೊಂಡು ನಿಲ್ಲುತ್ತದೆ. 6ರ ಅಂಕಿಗೂ ವೃತ್ತಕ್ಕೂ ಮಧ್ಯೆ ಬಿಕೋ ಎನ್ನುವ ಖಾಲಿ ಜಾಗ.

ಇದು ಅಗ್ಗದ ವಾಚುಗಳಿಗೆ ಮಾತ್ರ ಅಂಟಿದ ರೋಗವಲ್ಲ. ದುಬಾರಿ ವಾಚುಗಳ ಸ್ವಿಸ್ ಕಂಪನಿ ಪಾಟೆಕ್ ಫಿಲಿಪ್ 1932ರಲ್ಲಿ ತಂದ ಕಲಾಟ್ರಾವಾ 96 ಸುಮಾರು 31 ಮಿ.ಮೀ. ಅಗಲದ್ದು, ಅದರಲ್ಲಿ ಎಲ್ಲವೂ ಇದ್ದಲ್ಲೇ ಇತ್ತು. ಅದೇ ಸಾಲಿನ 5196 ಬಂದಾಗ ಕೇಸು 37 ಮಿ.ಮೀ. ಆಯಿತು, ಒಳಗಿನ 215 ಮಷೀನು ಮಾತ್ರ 21.9 ಮಿ.ಮೀ.ನದ್ದೇ. ಸೆಕೆಂಡಿನ ವೃತ್ತ ನಡುವಿಗೆ ಸರಿದಿದೆ ಎಂದು ಬಲ್ಲವರು ವರ್ಷಗಟ್ಟಲೆ ಗೊಣಗಿದರು. 2021ರಲ್ಲಿ 39 ಮಿ.ಮೀ.ನ 6119 ಬಂದಾಗ ಅದರೊಳಗೆ 31 ಮಿ.ಮೀ. ಅಗಲದ, ಬರೇ 2.55 ಮಿ.ಮೀ. ದಪ್ಪದ ಹೊಸ ಮಷೀನು ಇತ್ತು. ವೃತ್ತ ತನ್ನ ಜಾಗಕ್ಕೆ ಬಂತು. ಆಗ ತಕರಾರು 39 ಮಿ.ಮೀ. ಅಳತೆಯ ಕಡೆಗೆ ತಿರುಗಿತು, ಅದು ಬೇರೆ ಮಾತು.

ಪರೀಕ್ಷೆ ಸುಲಭ. ವಾಚಿನ ಫೋಟೊವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ, ಮುಳ್ಳುಗಳ ನಡುಬಿಂದುವಿನಿಂದ ಡಯಲಿನ ಅಂಚಿನವರೆಗೆ ಸ್ಕೇಲಿಟ್ಟು ಅಳೆಯಿರಿ. ಸಣ್ಣ ವೃತ್ತದ ನಡುಬಿಂದು ಆ ದೂರದ ಅರ್ಧ ದಾಟಿ ಅಂಚಿನ ಕಡೆಗಿದ್ದರೆ ಕಣ್ಣಿಗೆ ಹಿತ. ಅರ್ಧಕ್ಕಿಂತ ಒಳಗೇ ನಿಂತಿದ್ದರೆ ಚಿಕ್ಕ ಮಷೀನನ್ನು ದೊಡ್ಡ ಡಬ್ಬಿಯಲ್ಲಿ ಕೂರಿಸಿದ್ದಾರೆ. ತಾರೀಖಿನ ಕಿಟಕಿಗೂ ಇದೇ ಲೆಕ್ಕ: ಕಿಟಕಿ ಅಂಚಿನ ಗೆರೆಗಳಿಂದ ದೂರ ಉಳಿದು ಡಯಲಿನ ಮಧ್ಯೆ ತೇಲುತ್ತಿದ್ದರೆ ಕಾರಣ ಅದೇ.

ತಾರೀಖು ಬೇಕೇ ಬೇಡವೇ ಎಂಬ ಜಗಳದಲ್ಲಿ ನಮ್ಮ ಪಕ್ಷ ಬೇಡ ಎನ್ನುವವರದು. ಸೌಂದರ್ಯ ಒಂದು ಕಡೆ ಇರಲಿ. ಮದುವೆ-ಮುಂಜಿಗೆ ಮಾತ್ರ ಹೊರತೆಗೆಯುವ ವಾಚು ಪ್ರತಿ ಸಲವೂ ನಿಂತೇ ಇರುತ್ತದೆ, ಪ್ರತಿ ಸಲವೂ ತಾರೀಖು ತಿರುಗಿಸಬೇಕು. ರಾತ್ರಿ 9ರಿಂದ ಬೆಳಗಿನ 3ರ ನಡುವಿನ ಹೊತ್ತನ್ನು ಮುಳ್ಳು ತೋರಿಸುತ್ತಿರುವಾಗ ತಾರೀಖನ್ನು ನೇರವಾಗಿ ಬದಲಿಸಿದರೆ, ಆಗಲೇ ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುವ ಚಕ್ರಗಳು ಮುರಿಯಬಹುದು. ತಾರೀಖಿರುವ ವಾಚೇ ಬೇಕೆಂದರೆ ಮೊದಲು ಮುಳ್ಳನ್ನು 6ಕ್ಕೆ ತನ್ನಿ, ತಾರೀಖು ಸರಿಮಾಡಿ, ಆಮೇಲೆ ಮುಂದಕ್ಕೆ ತಿರುಗಿಸುತ್ತ ಸಮಯಕ್ಕೆ ತನ್ನಿ.

ಅಗಲವಲ್ಲ, ಕೊಂಬಿನಿಂದ ಕೊಂಬಿಗೆ

ಜಾಹೀರಾತಿನಲ್ಲಿ ಹಾಕುವುದು ಕೇಸಿನ ಅಗಲ: 34, 37, 39. ಕೈಮೇಲೆ ಕೂರುವ ಬಗೆಯನ್ನು ನಿರ್ಧರಿಸುವುದು ಬೇರೆ ಅಳತೆ. ಬೆಲ್ಟು ಸಿಕ್ಕಿಸುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ ಅದು.

ಮಣಿಕಟ್ಟನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಟ್ಟು, ವಾಚು ಕಟ್ಟುವ ಜಾಗದಲ್ಲಿ ಅಡ್ಡಕ್ಕೆ ಸ್ಕೇಲು ಇಡಿ. ಅಂಚಿನಲ್ಲಿ ಇಳಿಜಾರು ಶುರುವಾಗುವ ಮೊದಲಿನ ಚಪ್ಪಟೆ ಭಾಗವನ್ನಷ್ಟೇ ಅಳೆಯಬೇಕು. ಸುತ್ತಳತೆ 16 ಸೆಂ.ಮೀ. ಇದ್ದವರಿಗೆ ಇದು ಸಾಮಾನ್ಯವಾಗಿ 50 ಮಿ.ಮೀ. ಆಸುಪಾಸು ಬರುತ್ತದೆ. ವಾಚಿನ ಕೊಂಬಿನ ಉದ್ದ ಇದಕ್ಕಿಂತ 4-5 ಮಿ.ಮೀ. ಕಡಿಮೆ ಇದ್ದರೆ ಅಂಗಿಯ ಕಫ್ ಕೆಳಗೆ ಮೆತ್ತಗೆ ಹೋಗುತ್ತದೆ. ಸಮ ಇದ್ದರೆ ಕೊಂಬು ಅಂಚಿಗೆ ತಾಗಿ ಬೆಲ್ಟು ನೇರ ಕೆಳಕ್ಕೆ ಇಳಿಯುತ್ತದೆ, ಮಧ್ಯೆ ಸಂದು ಕಾಣುತ್ತದೆ. ಏಪ್ರಿಲ್-ಮೇ ಸೆಖೆಯಲ್ಲಿ ಮಣಿಕಟ್ಟು ಬೆಲ್ಟಿನ ಒಂದು ತೂತಿನಷ್ಟು ಊದಿರುತ್ತದೆ. ಮದುವೆ ಸುಗ್ಗಿಯೂ ಅದೇ ತಿಂಗಳುಗಳಲ್ಲಿ ಬರುವುದರಿಂದ ಅಳತೆಯನ್ನು ಮಧ್ಯಾಹ್ನದ ಮೇಲೆ ತೆಗೆಯಿರಿ.

ಇನ್ನೊಂದು ಗಮನಿಸಿ. ಬಿಳಿ ಡಯಲು, ಗಾಜಿನ ಸುತ್ತ ತೆಳ್ಳಗಿನ ಅಂಚುಪಟ್ಟಿ ಇರುವ 36ರ ವಾಚು, ಕಪ್ಪು ಡಯಲಿನ 38ಕ್ಕಿಂತ ದೊಡ್ಡದಾಗಿ ಕಾಣಬಹುದು. ಅಂಕಿ ಮಾತ್ರ ನೋಡಿ ಆರ್ಡರ್ ಮಾಡಿದವರು ಎಡವುವುದು ಇಲ್ಲಿಯೇ.

ದಪ್ಪ ಎಲ್ಲಿಂದ ಬರುತ್ತದೆ

ಮೂಲ ವಾಚುಗಳು ತೆಳ್ಳಗಿದ್ದದ್ದು ಚಾವಿ ಕೊಡುವ ಮಷೀನಿನಿಂದ. ಪುನರುಜ್ಜೀವನದ ಹೆಸರಿನಲ್ಲಿ ಬರುವ ಬಹಳಷ್ಟು ವಾಚುಗಳಲ್ಲಿ ಕೈಯ ಅಲುಗಾಟಕ್ಕೆ ತಾನೇ ಚಾವಿ ತುಂಬಿಕೊಳ್ಳುವ ಆಟೊಮ್ಯಾಟಿಕ್ ಮಷೀನು ಇರುತ್ತದೆ. ಅದರ ಬೆನ್ನ ಮೇಲೆ ತಿರುಗುವ ರೋಟರಿನ ದಪ್ಪ ಇಡೀ ಕೇಸಿಗೆ ಬಡಿಯುತ್ತದೆ. ಕೆಲವು ಅಂಕಿ ಗೊತ್ತಿದ್ದರೆ ಮಷೀನಿನ ಹೆಸರು ಓದಿಯೇ ವಾಚಿನ ದಪ್ಪ ಊಹಿಸಬಹುದು. ಚಾವಿಯ ಮಷೀನುಗಳಲ್ಲಿ ಪೆಸೊ 7001 ದಪ್ಪ 2.5 ಮಿ.ಮೀ., ಸೆಲ್ಲಿಟಾ ಎಸ್‌ಡಬ್ಲ್ಯು210 ದಪ್ಪ 3.35. ಆಟೊಮ್ಯಾಟಿಕ್‌ಗಳಲ್ಲಿ ಇಟಿಎ 2892 ಎಂದರೆ 3.6, ಮಿಯೋಟಾ 9015 ಎಂದರೆ 3.9, ಇಟಿಎ 2824 ಎಂದರೆ 4.6, ಸೈಕೋದ ಎನ್‌ಎಚ್35 ಎಂದರೆ 5.32, ಮಿಯೋಟಾ 8215 ಎಂದರೆ 5.67. ಗಾಜು, ಡಯಲು, ಹಿಂಬದಿ ಮುಚ್ಚಳ ಸೇರಿ ಇನ್ನೂ ನಾಲ್ಕೈದು ಮಿ.ಮೀ. ಕೂಡಿಸಿಕೊಳ್ಳಿ. ಗಾಜು ಉಬ್ಬಿದ್ದರೆ ಅದಕ್ಕಿಂತ ಹೆಚ್ಚು.

ಜಪಾನಿನ ಸೈಕೋ ಕಂಪನಿಯ ಕಿಂಗ್ ಸೈಕೋ ವಾಚಿನ ಕಥೆ ಇದಕ್ಕೆ ಒಳ್ಳೆಯ ಪಾಠ. 1965ರ ಕೆಎಸ್‌ಕೆ ಚಾವಿ ಕೊಡುವ ವಾಚು. ಅದರ ಮರುಸೃಷ್ಟಿ 2021ರಲ್ಲಿ 3,000 ವಾಚುಗಳ ಸೀಮಿತ ಸಂಖ್ಯೆಯಲ್ಲಿ ಬಂತು: 38.1 ಮಿ.ಮೀ. ಅಗಲ, 11.4 ದಪ್ಪ, ಜೊತೆಗೆ ತಾರೀಖಿನ ಕಿಟಕಿ. ಕಿಟಕಿಗೆ ಬೈಗುಳ ಬಿತ್ತು. ಮರುವರ್ಷ ಬಂದ ಸಾಲಿನಲ್ಲಿ ಕಿಟಕಿ ಹೋಯಿತು, ಅಗಲ 37ಕ್ಕೆ ಇಳಿಯಿತು, ಎಲ್ಲರೂ ಹೊಗಳಿದರು. ಆದರೆ 70 ಗಂಟೆ ಓಡುವ, ಇನ್ನೂ ದಪ್ಪನೆಯ 6ಆರ್31 ಆಟೊಮ್ಯಾಟಿಕ್ ಒಳಗೆ ಕೂತದ್ದರಿಂದ ದಪ್ಪ 12.1 ಮಿ.ಮೀ.ಗೆ ಏರಿತು. ಒಂದು ತಕರಾರು ತೀರಿಸುವಾಗ ಇನ್ನೊಂದು ಹುಟ್ಟುವುದು ಹೀಗೆ.

ಉದ್ದತೋಳಿನ ಅಂಗಿ ಹಾಕುವವರಿಗೆ 10 ಮಿ.ಮೀ. ದಾಟಿದರೆ ಕಫ್ ಸಿಕ್ಕಿಕೊಳ್ಳುತ್ತದೆ. ಜುಬ್ಬಾ ಅಥವಾ ಅರ್ಧತೋಳಿನ ಅಂಗಿಯವರಿಗೆ ಇದು ಲೆಕ್ಕಕ್ಕಿಲ್ಲ. ಪಂಚೆ-ಶಲ್ಯದಲ್ಲಿ ಓಡಾಡುವವರು 12ರ ವಾಚನ್ನೂ ನೆಮ್ಮದಿಯಿಂದ ಕಟ್ಟಬಹುದು, ಯಾರ ತಕರಾರಿಗೂ ಕಿವಿಗೊಡಬೇಕಾಗಿಲ್ಲ. ತೆಳ್ಳಗಿರುವುದೇ ಮುಖ್ಯ, ಮಷೀನಿನ ಮೋಹವಿಲ್ಲ ಎನ್ನುವವರಿಗೆ ಸೆಲ್ ಹಾಕುವ ಟೈಟನ್ ಎಡ್ಜ್ 2002ರಿಂದಲೇ ಇದೆ: ಮಷೀನು 1.15 ಮಿ.ಮೀ., ಇಡೀ ವಾಚು 3.5 ಮಿ.ಮೀ.

"ಈ ಬೆಲೆಗೆ ಈ ಮಷೀನಾ" ಎಂಬ ಗೊಣಗಾಟದಲ್ಲಿ ಹುರುಳಿದೆಯೇ? ಅರ್ಧದಷ್ಟು. ಟೈಮೆಕ್ಸ್ 2017ರಲ್ಲಿ ತನ್ನ ಹಳೆಯ ಮಾರ್ಲಿನ್ ವಾಚನ್ನು 34 ಮಿ.ಮೀ.ಯಲ್ಲೇ, ಚಾವಿ ಕೊಡುವ ಮಷೀನು ಮತ್ತು ಉಬ್ಬಿದ ಅಕ್ರಿಲಿಕ್ ಗಾಜಿನೊಂದಿಗೆ ಮತ್ತೆ ತಂದಿತು. ಅಳತೆ ಬದಲಿಸಲಿಲ್ಲ ಎಂದು ಮೆಚ್ಚಿದವರೇ, ಮಷೀನು ಚೀನಾದ್ದು ಎಂದು ಮೂಗು ಮುರಿದರು. ಊರಿನಲ್ಲಿ ಕೂತು ಕೇಳಬೇಕಾದ ಪ್ರಶ್ನೆ ಬೇರೆ: ಇದು ಕೆಟ್ಟರೆ ಬಿಡಿಭಾಗ ಎಲ್ಲಿ ಸಿಗುತ್ತದೆ? ಎನ್‌ಎಚ್35, ಮಿಯೋಟಾ 8215, ಇಟಿಎ 2824 ಆದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಿ ಸರಿ ಮಾಡಿಸಬಹುದು. ಇಡೀ ಮಷೀನನ್ನೇ ಹೊಸದು ಹಾಕುವುದೂ ಕೆಲವು ಸಲ ಅಗ್ಗ. ಕಂಪನಿ ತಾನೇ ತಯಾರಿಸಿದ ಅಪರೂಪದ ಮಷೀನಾದರೆ ಅದು ಕಂಪನಿಗೇ ಹೋಗಬೇಕು, ತಿಂಗಳುಗಟ್ಟಲೆ ಕಾಯಬೇಕು. 8215ರಲ್ಲಿ ಸೆಕೆಂಡಿನ ಮುಳ್ಳು ಆಗೀಗ ತಡವರಿಸಿ ಮುಂದೆ ಹಾರುವುದುಂಟು. ಅದು ಆ ಮಷೀನಿನ ಸ್ವಭಾವ, ದೋಷ ಎಂದು ರಿಪೇರಿಗೆ ಓಡಬೇಕಿಲ್ಲ.

ಗಾಜು

ಅಕ್ರಿಲಿಕ್ ಬೇಗ ಗೀಚುತ್ತದೆ, ಆದರೆ ಸುಲಭಕ್ಕೆ ಒಡೆಯುವುದಿಲ್ಲ. ಗೀಚನ್ನು ಪಾಲಿಶ್ ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಿಂದ ಐದು ನಿಮಿಷ ಉಜ್ಜಿದರೆ ಹೋಗುತ್ತದೆ. ಸಫೈರ್ ಗೀಚುವುದಿಲ್ಲ, ಆದರೆ ಕಲ್ಲಿನ ನೆಲಕ್ಕೆ ಬಿದ್ದರೆ ಚೂರಾಗಬಹುದು. ಆ ಚೂರುಗಳು ಡಯಲನ್ನು ಗೀಚಿಬಿಡುತ್ತವೆ. ಉಬ್ಬಿದ ಸಫೈರಿಗೆ ಒಳಬದಿಯಲ್ಲಿ ಹೊಳಪು ತಗ್ಗಿಸುವ ಲೇಪ ಇಲ್ಲದಿದ್ದರೆ ಕಡಲ ದಂಡೆಯ ಬಿಸಿಲಿನಲ್ಲಿ ಸಮಯವೇ ಕಾಣುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟಿನಡಿ ಓರೆ ಹಿಡಿದು ನೋಡಿದರೆ ಗೊತ್ತಾಗುತ್ತದೆ: ದೀಪದ ಪ್ರತಿಬಿಂಬ ನೀಲಿ ಅಥವಾ ನೇರಳೆ ಛಾಯೆಯಲ್ಲಿದ್ದರೆ ಲೇಪವಿದೆ, ಬೆಳ್ಳಗಿದ್ದರೆ ಇಲ್ಲ.

ಚಿನ್ನದ ಬಣ್ಣವನ್ನು ನಂಬುವ ಮೊದಲು

ಇನ್ನು ನಮ್ಮ ಊರಿನ ತಕರಾರುಗಳು. ಡ್ರೆಸ್ ವಾಚೆಂದರೆ ನಮ್ಮ ಜನಕ್ಕೆ ಚಿನ್ನದ ಬಣ್ಣವೇ ಬೇಕು. ಬೆವರು ಮತ್ತು ಉಪ್ಪುಗಾಳಿಗೆ ಮೊದಲು ಬಲಿಯಾಗುವುದೂ ಅದೇ. ಲೇಪದ ಕೆಳಗೆ ಹಿತ್ತಾಳೆ ಇದೆಯೋ ಸ್ಟೀಲ್ ಇದೆಯೋ ಎಂಬುದು ಮುಖ್ಯ. ಹಿತ್ತಾಳೆಯಾದರೆ ಲೇಪ ಸವೆದ ಜಾಗದಲ್ಲಿ ಹಸಿರು ಕಿಲುಬು ಕಟ್ಟಿ ಚರ್ಮಕ್ಕೆ ಹತ್ತುತ್ತದೆ. ಸ್ಟೀಲಾದರೆ ಬಣ್ಣ ಹೋಗುತ್ತದೆ, ಲೋಹ ಉಳಿಯುತ್ತದೆ.

ಹಿಂಬದಿ ಮುಚ್ಚಳದ ಮೇಲೆ "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಎಂದು ಕೊರೆದಿದ್ದರೆ ಸ್ಟೀಲಿನದ್ದು ಮುಚ್ಚಳ ಮಾತ್ರ, ಕೇಸು ಬಹುತೇಕ ಹಿತ್ತಾಳೆ ಎಂದೇ ಅರ್ಥ ಮಾಡಿಕೊಳ್ಳಿ. ಹಳೆ ಸ್ವಿಸ್ ವಾಚುಗಳಲ್ಲಿ "20 ಮೈಕ್ರಾನ್" ಎಂಬಂಥ ಗುರುತು ಇರುತ್ತಿತ್ತು. ಈಗಿನ ಪಿವಿಡಿ ಲೇಪ (ನಿರ್ವಾತದಲ್ಲಿ ಆವಿಯಾಗಿ ಕೂರಿಸುವ ತೆಳು ಪದರ) ಗಟ್ಟಿ, ಆದರೆ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿನ ಆಚೀಚೆ. ಗೀಚಿದರೆ ಮತ್ತೆ ಕೂರಿಸುವ ಹಾಗಿಲ್ಲ.

ಬಳಸಿದ ವಾಚು ಕೊಳ್ಳುವಾಗ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪು (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಹಿಡಿದು ಮೂರು ಜಾಗ ನೋಡಿ: ಕೊಂಬುಗಳ ಕೆಳಮೈ, ಚಾವಿಯ ಬುಡ, ಹಿಂಬದಿ ಮುಚ್ಚಳ ಕೂರುವ ಅಂಚು. ಎದುರಿನಿಂದ ಫಳಫಳ ಹೊಳೆಯುವ ವಾಚು ಕೊಂಬಿನ ಕೆಳಗೆ ಕೆಂಪು-ಹಸಿರು ತಿರುಗಿರುತ್ತದೆ.

ದಿನದ ಆರೈಕೆ ಎರಡು ನಿಮಿಷದ ಕೆಲಸ. ವಾಚು ಬಿಚ್ಚಿದೊಡನೆ ಹಿಂಡಿದ ಒದ್ದೆ ಬಟ್ಟೆಯಿಂದ ಹಿಂಬದಿ, ಕೊಂಬು ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ನಲ್ಲಿಯ ಕೆಳಗೆ ಹಿಡಿಯಬೇಡಿ. ಅತ್ತರು, ಗಂಧ ಎಲ್ಲ ಹಚ್ಚಿಕೊಂಡು ಒಣಗಿದ ಮೇಲೆ ವಾಚು ಕಟ್ಟಿ.

30 ಮೀಟರ್ ಎಂದರೆ ನೀರಿಗಿಳಿಯುವ ಪರವಾನಗಿ ಅಲ್ಲ

ಬಹುಪಾಲು ಡ್ರೆಸ್ ವಾಚುಗಳ ಬೆನ್ನ ಮೇಲೆ 30 ಮೀಟರ್ ಅಥವಾ 3 ಬಾರ್ ಎಂದು ಇರುತ್ತದೆ. ಊಟದ ಮೇಲೆ ಕೈತೊಳೆಯುವಾಗ ಸಿಡಿಯುವ ನೀರು, ಛತ್ರಿಯಂಚಿನ ಹನಿ ತಡೆಯುತ್ತದೆ ಎಂದಷ್ಟೇ ಅದರ ಅರ್ಥ. ಗೋಕರ್ಣದ ಕಡಲು, ಹೊಳೆಯ ಈಜು ದೂರದ ಮಾತು. ಬಚ್ಚಲೂ ಬೇಡ. ಹಂಡೆಯ ಬಿಸಿನೀರಿನ ಹಬೆ ತಣ್ಣೀರಿಗಿಂತ ಸಲೀಸಾಗಿ ಒಳನುಗ್ಗುತ್ತದೆ.

ನೀರು ತಡೆಯುವುದು ಮೂರು ಕಡೆಯ ವಾಶರು: ಗಾಜಿನ ಸುತ್ತ, ಚಾವಿಯ ಕೊಳವೆಯೊಳಗೆ, ಹಿಂಬದಿ ಮುಚ್ಚಳದಡಿ. ಚಾವಿ ಕೊಡುವ ವಾಚಿನಲ್ಲಿ ದಿನವೂ ಸವೆಯುವುದು ನಡುವಿನದು. ಆಟೊಮ್ಯಾಟಿಕ್‌ನವರು ಇದನ್ನು ಮರೆತರೂ ನಡೆದೀತು, ಚಾವಿಯವರು ಮರೆಯುವ ಹಾಗಿಲ್ಲ. ಹಿಂಬದಿ ಮುಚ್ಚಳದಲ್ಲಿ ಆಯ್ಕೆ ಇದ್ದರೆ ತಿರುಪಿನದ್ದು ತೆಗೆದುಕೊಳ್ಳಿ, ಒತ್ತಿ ಕೂರಿಸುವ ಬಗೆಗಿಂತ ಅದರ ಹಿಡಿತ ಹೆಚ್ಚು.

ಒಳಗೆ ತೇವ ಇದೆಯೇ ಎಂದು ಮನೆಯಲ್ಲೇ ನೋಡುವ ವಿಧಾನವಿದೆ. ನೀರು ತಡೆಯುವ ವಾಚುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 22810ರಲ್ಲಿರುವ ಹನಿ ಪರೀಕ್ಷೆಯ ಮನೆರೂಪ ಇದು.

1. ವಾಚನ್ನು ಅರ್ಧ ಗಂಟೆ ಕೈಗೆ ಕಟ್ಟಿಕೊಂಡು ಮೈಬಿಸಿಗೆ ತನ್ನಿ. ಬಿಸಿಲಿಗಿಡಬೇಡಿ, ಒಲೆಯ ಹತ್ತಿರವಂತೂ ಬೇಡವೇ ಬೇಡ.
2. ಗಾಜಿನ ನಡುವೆ ತಣ್ಣೀರಿನ ದೊಡ್ಡ ಹನಿ ಹಾಕಿ ಒಂದು ನಿಮಿಷ ಬಿಡಿ.
3. ಹನಿಯನ್ನು ಒಣ ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ.
4. ಹನಿಯಿದ್ದ ಜಾಗದಲ್ಲಿ ಗಾಜಿನ ಒಳಬದಿಗೆ ಮಂಜು ಕಟ್ಟಿದ್ದರೆ ಒಳಗೆ ತೇವವಿದೆ.

ಮಂಜು ಕಂಡಿತು ಎಂದ ಮಾತ್ರಕ್ಕೆ ವಾಶರು ಸೋರುತ್ತಿದೆ ಎನ್ನಲಾಗದು. ಜುಲೈ ತಿಂಗಳಲ್ಲಿ ಕುಮಟೆಯಲ್ಲೋ ಹೊನ್ನಾವರದಲ್ಲೋ ಫ್ಯಾನಿನ ಕೆಳಗೆ ಕೂತು ವಾಚಿನ ಮುಚ್ಚಳ ತೆಗೆದು ಮತ್ತೆ ಹಾಕಿದರೆ, ಆ ಮಳೆಗಾಲದ ಗಾಳಿಯೇ ಒಳಗೆ ಸೆರೆಯಾಗುತ್ತದೆ. ವಾಶರು ಎಷ್ಟು ಒಳ್ಳೆಯದೋ ತೇವ ಅಷ್ಟೇ ಭದ್ರ! ಆದ್ದರಿಂದ ಸರ್ವಿಸು, ಸೆಲ್ ಬದಲಾವಣೆ, ಮುಚ್ಚಳ ತೆಗೆಯುವ ಯಾವ ಕೆಲಸವಿದ್ದರೂ ದೀಪಾವಳಿ ಕಳೆದು ಶಿವರಾತ್ರಿಯೊಳಗೆ ಮುಗಿಸಿ. ಮಳೆಗಾಲದಲ್ಲಿ ಮಾಡಿಸಲೇಬೇಕಾದರೆ ಎಸಿ ಇರುವ ಅಂಗಡಿ ಹುಡುಕಿ, ಅಥವಾ ಮುಚ್ಚಳ ಹಾಕುವ ಮೊದಲು ಒಂದೆರಡು ಗಂಟೆ, ತೇವ ಹೀರುವ ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಇಡಲು ಹೇಳಿ.

ಮಳೆಯಲ್ಲಿ ನೆನೆದು ಗಾಜು ಮಬ್ಬಾದರೆ ಚಾವಿಯನ್ನು ಹೊರಕ್ಕೆಳೆದು, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಟ್ಟು, ಮರುದಿನವೇ ರಿಪೇರಿಯವರಿಗೆ ತೋರಿಸಿ. ಅಕ್ಕಿ ಡಬ್ಬದಲ್ಲಿ ಹೂಳಬೇಡಿ, ಅಕ್ಕಿಯ ಪುಡಿ ಚಾವಿಯ ಸಂದಿಗೆ ಸೇರುತ್ತದೆ. ಕಡಲ ನೀರೇ ಒಳಗೆ ಹೋಗಿದ್ದರೆ ಒಣಗಿಸಿ ಪ್ರಯೋಜನವಿಲ್ಲ: ನೀರು ಆರುತ್ತದೆ, ಉಪ್ಪು ಉಳಿಯುತ್ತದೆ, ಸ್ಟೀಲಿನ ಸಣ್ಣ ಭಾಗಗಳಿಗೆ ತುಕ್ಕು ಹತ್ತಲು ದಿನಗಳೂ ಬೇಕಿಲ್ಲ. ಅದೇ ದಿನ ಬಿಚ್ಚಿಸಿ ತೊಳೆಸಬೇಕು.

ಬೆಲ್ಟು

ಚರ್ಮದ ಬೆಲ್ಟು ಇಲ್ಲದೆ ಡ್ರೆಸ್ ವಾಚು ಪೂರ್ತಿಯಾಗದು ಎನ್ನುತ್ತಾರೆ. ಆರಿದ್ರಾ ಮಳೆ ಹಿಡಿದ ಮೇಲೆ ಚರ್ಮ ಎಂಟು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಶಿರಸಿ-ಸಿದ್ದಾಪುರ ಕಡೆ ಅದಕ್ಕೂ ಬೇಗ. ಮೆತ್ತನೆ ಜೂಲಿನ ಸ್ವೀಡ್ ಬೆಲ್ಟಂತೂ ಈ ಜಿಲ್ಲೆಗೆ ಬರಲೇಬಾರದು. ಮಳೆಗಾಲಕ್ಕೆ ಹೆಣೆದ ನೈಲಾನಿನ ಪರ್ಲಾನ್ ಅಥವಾ ತೆಳು ರಬ್ಬರ್ ಬೆಲ್ಟು ಹಾಕಿ, ಚರ್ಮದ್ದನ್ನು ಬಿಚ್ಚಿಡಿ. ಬೂಷ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ ನೆರಳಿನ ಗಾಳಿಗೆ ಇಡಿ. ತೆಂಗಿನೆಣ್ಣೆ ಹಚ್ಚುವ ರೂಢಿ ಬೇಡ: ಚರ್ಮ ಕಪ್ಪಾಗುತ್ತದೆ, ಹೊಲಿಗೆಯಲ್ಲಿ ಎಣ್ಣೆ ಜಿಡ್ಡುಗಟ್ಟಿ ವಾಸನೆ ಹಿಡಿಯುತ್ತದೆ.

ಕೊಳ್ಳುವಾಗಲೇ ಕೊಂಬುಗಳ ನಡುವಿನ ಅಂತರ ಕೇಳಿ. 18 ಅಥವಾ 20 ಮಿ.ಮೀ. ಆದರೆ ಕಾರವಾರದ ಸಾಮಾನ್ಯ ಅಂಗಡಿಯಲ್ಲೂ ಬೆಲ್ಟು ಸಿಕ್ಕೀತು. 19 ಆದರೆ ಪ್ರತಿ ಸಲ ಆನ್‌ಲೈನಿನಲ್ಲಿ ತರಿಸಬೇಕು. 20ರ ಬೆಲ್ಟನ್ನು 19ಕ್ಕೆ ತುರುಕಿದರೆ ಅಂಚು ಮಡಚಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಬದಲಿಸುವುದು ಹೀಗೆ. ಕೊಂಬಿನ ಒಳಮೈಗೆ ಸೆಲ್ಲೋಟೇಪ್ ಅಂಟಿಸಿ, ವಾಚನ್ನು ಮೆತ್ತನೆ ಬಟ್ಟೆಯ ಮೇಲೆ ಬೋರಲು ಮಲಗಿಸಿ. ಬೆಲ್ಟನ್ನು ಕೊಂಬಿಗೆ ಹಿಡಿದಿಡುವ ಸ್ಪ್ರಿಂಗಿನ ಕಡ್ಡಿಯೇ ಸ್ಪ್ರಿಂಗ್ ಬಾರ್; ಅದನ್ನು ತೆಗೆಯುವ ಉಪಕರಣದ ಕವಲುತುದಿಯನ್ನು ಬೆಲ್ಟಿಗೂ ಕೊಂಬಿಗೂ ನಡುವೆ ತೂರಿಸಿ, ಬಾರಿನ ತುದಿಯಲ್ಲಿರುವ ಉಬ್ಬು ಅಂಚನ್ನು ಒಳಕ್ಕೆ ಒತ್ತಿ ಎತ್ತಿ. ಬಾರು ಚಿಮ್ಮಿ ಹೋಗದ ಹಾಗೆ ಇನ್ನೊಂದು ಕೈಯ ಹೆಬ್ಬೆರಳು ಅಡ್ಡ ಇರಲಿ. ಹೊಸ ಬೆಲ್ಟು ಹಾಕುವಾಗ ಒಂದು ತುದಿ ತೂತಿಗೆ ಕೂರಿಸಿ, ಇನ್ನೊಂದನ್ನು ಒತ್ತಿ ಒಳಕ್ಕೆ ಸರಿಸಿ. "ಟಿಕ್" ಎಂದ ಮೇಲೂ ಬೆಲ್ಟನ್ನು ಗಟ್ಟಿಯಾಗಿ ಎಳೆದು ನೋಡಿ. ವಾಚು ಕೆಳಗೆ ಬೀಳುವುದು ಬೆಲ್ಟು ಹರಿದಲ್ಲ, ಹೆಚ್ಚಾಗಿ ಅರ್ಧ ಕೂತ ಅಥವಾ ತುಕ್ಕು ತಿಂದ ಬಾರಿನಿಂದ. ನಮ್ಮ ಗಾಳಿಗೆ ವರ್ಷಕ್ಕೊಮ್ಮೆ ಬಾರು ಬದಲಿಸಿ, ಅದೇನು ಹೊರೆಯಲ್ಲ.

ಮೂಲವನ್ನೇ ಕೊಳ್ಳುವವರಿಗೆ: ಎಚ್‌ಎಂಟಿ

ಹೊಸ ಅವತಾರದ ಗೊಡವೆಯೇ ಬೇಡ, ಹಳೆಯದ್ದೇ ಬೇಕು ಎನ್ನುವವರ ಕಣ್ಣು ಮೊದಲು ಹೋಗುವುದು ಜನತಾ ಕಡೆಗೆ. ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚಿನ ಕಾರ್ಖಾನೆಯಿಂದ ಬಂದ ಈ ವಾಚು ಸುಮಾರು 35 ಮಿ.ಮೀ. ಅಗಲ, 18ರ ಬೆಲ್ಟು, 17 ಜ್ಯುವೆಲ್‌ಗಳ (ಚಕ್ರಗಳ ಅಚ್ಚು ತಿರುಗುವ ಗಟ್ಟಿ ಹರಳುಗಳ) ಚಾವಿ ಮಷೀನು, ಗಂಟೆಗೆ 18,000 ಬಡಿತ. ಈಗಿನ ಪುನರುಜ್ಜೀವನದ ವಾಚುಗಳು ಹುಡುಕುತ್ತಿರುವ ಅಳತೆ ಇದೇ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿದ ಮೇಲೆ ಬೇಡಿಕೆ ಏರಿತು, ಜೊತೆಗೆ ಡಯಲಿಗೆ ಹೊಸ ಬಣ್ಣ ಬಳಿದು, ಬೇರೆ ಬೇರೆ ವಾಚಿನ ಭಾಗ ಜೋಡಿಸಿದ ಮಾಲೂ ಹರಿದು ಬಂತು.

ಅಂಥದ್ದನ್ನು ಗುರುತಿಸಲು ಲೂಪು ಸಾಕು. ಅಕ್ಷರದ ಅಂಚು ಕದಡಿದ್ದರೆ, ಗಂಟೆಯ ಗೆರೆಗೂ ನಿಮಿಷದ ಚುಕ್ಕಿಗೂ ತಾಳೆಯಾಗದಿದ್ದರೆ, ನಿಮಿಷದ ಮುಳ್ಳು ಅಂಚಿನ ಗೆರೆಯನ್ನು ಮುಟ್ಟದಷ್ಟು ಗಿಡ್ಡವಿದ್ದರೆ, ಬಿಡಿ. ಗಿಳಿಹಸಿರು, ಕಿತ್ತಳೆ ಬಣ್ಣದ ಡಯಲಿನ ಮೇಲೆ ಹೊಚ್ಚಹೊಸ ಹೊಳಪು ಇದ್ದು ಕೇಸಿನ ಕೊಂಬು ಮಾತ್ರ ಸವೆದು ಗುಂಡಗಾಗಿದ್ದರೂ ಬಿಡಿ. ಮಾರುವವರು ಮುಚ್ಚಳ ತೆಗೆದ ಫೋಟೊ ಕೊಡಲು ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಸಿ. ಮಾಸಿದ, ಅಂಚಿನಲ್ಲಿ ಸ್ವಲ್ಪ ಕಂದು ತಿರುಗಿದ ಮೂಲ ಡಯಲು ಯಾವತ್ತೂ ಮೇಲು.

ಚಾವಿ, ಮೊದಲ ವಾರದ ಲೆಕ್ಕ

ಚಾವಿ ಕೊಡುವಾಗ ವಾಚು ಕೈಮೇಲೆ ಇರಬಾರದು. ಓರೆ ಒತ್ತಡ ಬಿದ್ದು ಚಾವಿಯ ಕಡ್ಡಿ ಬಾಗುತ್ತದೆ, ವಾಶರು ಒಂದೇ ಬದಿ ಸವೆಯುತ್ತದೆ. ಕೈಯಲ್ಲಿ ಹಿಡಿದು ಬೆಳಿಗ್ಗೆ ಒಂದೇ ಹೊತ್ತಿಗೆ ಕೊಡಿ. ಮಷೀನಿಗೆ ತಕ್ಕಂತೆ 25ರಿಂದ 40 ಸುತ್ತು ಬೇಕಾಗುತ್ತದೆ. ಬಿಗಿ ತಟ್ಟಿದಲ್ಲಿ ನಿಲ್ಲಿಸಿ, ಆಮೇಲೆ ಅರ್ಧ ಸುತ್ತೂ ಬೇಡ.

ಹೊಸ ವಾಚು ಬಂದ ಮೊದಲ ವಾರ, ದಿನಕ್ಕೊಮ್ಮೆ ಒಂದೇ ಹೊತ್ತಿಗೆ ಮೊಬೈಲಿನ ಸಮಯಕ್ಕೆ ಹೋಲಿಸಿ ಎಷ್ಟು ಸೆಕೆಂಡು ಮುಂದೆ-ಹಿಂದೆ ಎಂದು ಬರೆದಿಡಿ. ಎನ್‌ಎಚ್35ಕ್ಕೆ ತಯಾರಕರೇ ದಿನಕ್ಕೆ 20 ಸೆಕೆಂಡು ಹಿಂದೆ, 40 ಸೆಕೆಂಡು ಮುಂದೆ ಎಂಬ ಅಳತೆ ಕೊಟ್ಟಿದ್ದಾರೆ. 9015ಕ್ಕೆ 10 ಹಿಂದೆ, 30 ಮುಂದೆ. ಇದರೊಳಗಿದ್ದರೆ ದೂರು ನಿಲ್ಲದು. ದಿನವೂ 12 ಸೆಕೆಂಡು ಮುಂದೆ ಹೋಗುವ ವಾಚು ಒಳ್ಳೆಯದು, ಒಂದು ದಿನ 3, ಇನ್ನೊಂದು ದಿನ 25 ಎಂದು ಕುಣಿಯುವುದು ಕೆಟ್ಟದ್ದು. ಮೊದಲಿನದನ್ನು ರಿಪೇರಿಯವರು ಐದು ನಿಮಿಷದಲ್ಲಿ ಸರಿಮಾಡುತ್ತಾರೆ.

ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಮೊದಲು ಅಯಸ್ಕಾಂತವನ್ನು ಶಂಕಿಸಿ. ಮೊಬೈಲ್ ಕವರಿನ ಗುಂಡಿ, ಸ್ಪೀಕರು, ಬ್ಯಾಗಿನ ಬಕಲು, ಎಲ್ಲದರಲ್ಲೂ ಅದು ಇದೆ. ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿದರೆ ಅದರ ಉದ್ದ ಕಡಿಮೆಯಾದಂತೆ, ವಾಚು ಓಡುತ್ತದೆ. ದಿಕ್ಸೂಚಿಯನ್ನು ವಾಚಿನ ಬಳಿ ತಂದಾಗ ಮುಳ್ಳು ಅಲುಗಿದರೆ ಖಾತ್ರಿ. ಅಯಸ್ಕಾಂತದ ಗುಣ ತೆಗೆಯುವ ಡಿಮ್ಯಾಗ್ನೆಟೈಸರ್ ಮೇಲೆ ವಾಚಿಟ್ಟು, ಗುಂಡಿ ಒತ್ತಿ ಹಿಡಿದೇ ವಾಚನ್ನು ನಿಧಾನ 40 ಸೆಂ.ಮೀ. ಮೇಲಕ್ಕೆತ್ತಿ, ಆಮೇಲೆ ಗುಂಡಿ ಬಿಡಿ. ವಾಚು ಹತ್ತಿರ ಇರುವಾಗಲೇ ಗುಂಡಿ ಬಿಟ್ಟರೆ ಇದ್ದ ಅಯಸ್ಕಾಂತ ಇನ್ನೂ ಹೆಚ್ಚುತ್ತದೆ.

ಮಳೆಗಾಲದ ಡಬ್ಬಿ

ಕಪಾಟಿನೊಳಗಿನ ವೆಲ್ವೆಟ್ ಪೆಟ್ಟಿಗೆ ತೇವವನ್ನು ಹೀರಿ ಹಿಡಿದಿಡುತ್ತದೆ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿ ತಗೊಂಡು, ತಳಕ್ಕೆ 50 ಗ್ರಾಂ ಸಿಲಿಕಾ ಜೆಲ್ಲಿನ ಚೀಲ ಇಟ್ಟು, ಮೇಲೆ ಹತ್ತಿಬಟ್ಟೆ ಹಾಸಿ ವಾಚುಗಳನ್ನಿಡಿ. ಸಣ್ಣ ತೇವಮಾಪಕವೊಂದನ್ನು ಒಳಗಿಟ್ಟರೆ ಊಹೆಗೆ ಕೆಲಸವಿಲ್ಲ: 45ರಿಂದ 55 ಪ್ರತಿಶತದಲ್ಲಿದ್ದರೆ ಸರಿ. 35ಕ್ಕೆ ಇಳಿದರೆ ಚರ್ಮ ಬಿರಿಯುತ್ತದೆ, ಚೀಲದ ಗಾತ್ರ ಕಡಿಮೆ ಮಾಡಿ. ಬಣ್ಣ ತಿರುಗಿದ ಜೆಲ್ಲನ್ನು ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಇರುವುದರಿಂದ ಕಿತ್ತಳೆಯದ್ದನ್ನೇ ಕೊಳ್ಳಿ, ಯಾವ ಬಣ್ಣದ್ದಾದರೂ ಅಡುಗೆಯ ಪಾತ್ರೆಯಲ್ಲಿ ಹುರಿಯಬೇಡಿ. ಸೆಲ್ ವಾಚಿನ ಸೆಲ್ ತೀರಿದ್ದರೆ ತೆಗೆಸಿಯೇ ಡಬ್ಬಿಗಿಡಿ, ಸೋರಿದರೆ ಮಷೀನೇ ಹೋಗುತ್ತದೆ.

ರಿಪೇರಿಯವರ ಹತ್ತಿರ

ಪಟ್ಟಣದ ಹಳೆಯ ರಿಪೇರಿಯವರಿಗೆ ಚಾವಿ ಮಷೀನಿನ ಕೆಲಸ ಚೆನ್ನಾಗಿಯೇ ಗೊತ್ತಿದೆ. ಎಡವಟ್ಟಾಗುವುದು ಪ್ರೀತಿಯಿಂದ ಮಾಡುವ ಎರಡು ಉಪಕಾರಗಳಿಂದ: ಕೇಸಿಗೆ ಪಾಲಿಶ್, ಡಯಲಿಗೆ ಒರೆತ. ಪಾಲಿಶ್ ಚಕ್ರಕ್ಕೆ ಹಿಡಿದರೆ ಕೊಂಬಿನ ಚೂಪು ಅಂಚು ಗುಂಡಗಾಗುತ್ತದೆ, ಕಿಂಗ್ ಸೈಕೋದಂಥ ವಾಚಿಗೆ ಬೆಲೆ ಬರುವುದೇ ಆ ಅಂಚಿನಿಂದ. ಡಯಲನ್ನು ಹತ್ತಿಯಲ್ಲಿ ಒರೆಸಿದರೆ ಅಕ್ಷರಗಳೇ ಎದ್ದು ಬರಬಹುದು. ವಾಚು ಕೊಡುವಾಗಲೇ ಹೇಳಿ: "ಪಾಲಿಶ್ ಬೇಡ, ಡಯಲ್ ಮುಟ್ಟುವುದು ಬೇಡ, ಮೂರೂ ವಾಶರು ಹೊಸದು ಹಾಕಿ, ಸಿಲಿಕೋನ್ ಗ್ರೀಸ್ ಹಚ್ಚಿ." ಚೀಟಿಯ ಮೇಲೂ ಅದನ್ನೇ ಬರೆಸಿ. ಬಿಚ್ಚಿ ತೊಳೆದು ಎಣ್ಣೆ ಹಾಕುವ ಪೂರ್ತಿ ಸರ್ವಿಸು ನಾಲ್ಕೈದು ವರ್ಷಕ್ಕೊಮ್ಮೆ ಸಾಕು, ವಾಶರಿನ ತಪಾಸಣೆ ಮಾತ್ರ ವರ್ಷಕ್ಕೊಮ್ಮೆ, ಮಳೆಗೆ ಮೊದಲು.

ವಾಚು ವಾಪಸು ಬಂದಾಗ ಅಂಗಡಿಯಲ್ಲೇ ನಿಂತು ಚಾವಿ ಎಳೆದು ಮುಳ್ಳುಗಳನ್ನು 12 ಗಂಟೆ ಪೂರ್ತಿ ತಿರುಗಿಸಿ ನೋಡಿ: ಒಂದಕ್ಕೊಂದು ಉಜ್ಜಬಾರದು, ನಿಮಿಷದ ಮುಳ್ಳು 12ರ ಮೇಲಿರುವಾಗ ಗಂಟೆಯ ಮುಳ್ಳು ಅಂಕಿಯ ನೇರಕ್ಕೇ ನಿಲ್ಲಬೇಕು. ಗಾಜಿನ ಒಳಗೆ ಕೂದಲೋ ಬೆರಳ ಗುರುತೋ ಕಂಡರೆ ಅಲ್ಲೇ ತೆಗೆಸಿ. ಮನೆಗೆ ಬಂದು ಹನಿ ಪರೀಕ್ಷೆ ಮಾಡಿ, ಮಂಜು ಕಂಡರೆ ಮರುದಿನವೇ ಚೀಟಿ ಸಮೇತ ವಾಪಸು ಒಯ್ಯಿರಿ.